ಮುತ್ಯಾನ ಕಹಿ ಉಂಡಿ

ಆಗ ವಿಜಾಪುರದ ಕಡೆಯ ನಮ್ಮ ಇಂಡಿಯಲ್ಲಿ ಚಾಕಲೇಟು ಅಂದರೆ ಬಣ್ಣದ ಕಾಗದದಲ್ಲಿ ಸುತ್ತಿದ, ಕಲ್ಲಿನಂಥ ಸಕ್ಕರೆ ಗುಳಿಗೆ. ಕೆಂಪು, ಹಸಿರು, ಕಿತ್ತಳೆ ಅಂತ ಬಣ್ಣ ಬೇರೆ ಇದ್ದರೂ ರುಚಿ ಒಂದೇ. ಕಡಿದರೆ ಹಲ್ಲು ಹೋಗುತ್ತಿತ್ತು, ಚೀಪುತ್ತ ಕೂತರೆ ಇಡೀ ಮಧ್ಯಾಹ್ನ ಹೋಗುತ್ತಿತ್ತು. ಅಂಗಿಯ ಚುಂಗಿನಲ್ಲಿ ಸುತ್ತಿ, ದವಡೆಯಲ್ಲಿಟ್ಟು ಒಡೆದು, ಚೂರುಗಳನ್ನು ಹಂಚಿಕೊಂಡರೆ ಅದು ಗುಬ್ಬಿ ಎಂಜಲು, ದೋಷವಿಲ್ಲ ಅನ್ನುವುದು ನಮ್ಮ ಶಾಸ್ತ್ರ. ಚಾಕಲೇಟು ಕಪ್ಪಗಿರುತ್ತದೆ, ಕಹಿಯಾಗಿರುತ್ತದೆ, ಅದನ್ನು ಮನೆಯಲ್ಲೇ ಮಾಡಬಹುದು, ಅದು ಮೈಗೂ ಒಳ್ಳೆಯದು ಅಂತ ಬೇರೆ ಯಾರಾದರೂ ಹೇಳಿದ್ದರೆ ಓಣಿಯೆಲ್ಲ ನಗುತ್ತಿತ್ತು. ಆದರೆ ಹೇಳಿದವಳು ನಮ್ಮ ಸರೋಜತ್ತಿ. ನಗುವ ಧೈರ್ಯ ಯಾರಿಗೂ ಬರಲಿಲ್ಲ.

ಸರೋಜತ್ತಿ ನನ್ನ ಅಪ್ಪನ ತಂಗಿ, ಮುತ್ಯಾನಿಗೆ ಒಬ್ಬಳೇ ಮಗಳು. ಅಜ್ಜನಿಗೆ ನಾವು ಮುತ್ಯಾ ಅನ್ನುತ್ತಿದ್ದೆವು, ಅಜ್ಜಿಗೆ ಆಯಿ. ಅತ್ತಿಯನ್ನು ಪುಣೆಗೆ ಕೊಟ್ಟಿತ್ತು. ಪ್ರತಿ ಶ್ರಾವಣದಲ್ಲಿ, ನಾಗಪಂಚಮಿಗೆ ವಾರ ಇರುವಾಗ, ರೈಲಿನಲ್ಲಿ ಬಂದು ಇಂಡಿ ರೋಡ್ ಸ್ಟೇಷನ್ನಿನಲ್ಲಿ ಇಳಿದು, ಬಸ್ಸು ಹಿಡಿದು ತವರಿಗೆ ಬರುತ್ತಿದ್ದಳು. ಬರುವಾಗ ಪುಣೆಯಲ್ಲಿ ಕಲಿತ ಏನಾದರೊಂದು ಹೊಸ ವಿದ್ಯೆ ತರುವುದು ಅವಳ ರೂಢಿ. ಒಂದು ವರ್ಷ ಉಣ್ಣೆಯ ಹೆಣಿಗೆ ತಂದಳು. ನಾನೂ ನನ್ನ ತಮ್ಮ ಬಸುವೂ ಇಂಡಿಯ ಬಿಸಿಲಿನಲ್ಲಿ ಸ್ವೆಟರ್ ಹಾಕಿಕೊಂಡು ಶಾಲೆಗೆ ಹೋದೆವು. ಇನ್ನೊಂದು ವರ್ಷ ಯೋಗಾಸನ ತಂದಳು. ಆಯಿಯ ಸೊಂಟ ಹಿಡಿದು ವಾರಗಟ್ಟಲೆ ಎಣ್ಣೆ ತಿಕ್ಕಬೇಕಾಯಿತು. ಈ ವರ್ಷ ಚಾಕಲೇಟು.

ಅದಕ್ಕೆ ಕಾರಣ ಮುತ್ಯಾ. ಆ ಬೇಸಿಗೆಯಲ್ಲಿ ಅವನ ಕಾಲಿನ ಹೆಬ್ಬೆರಳಿಗೆ ಜಾಲಿ ಮುಳ್ಳು ನೆಟ್ಟಿತ್ತು. ಮುಳ್ಳು ಹೊರಗೆ ಬಂದರೂ ಗಾಯ ಮಾಯಲಿಲ್ಲ. ಅರಿಷಿಣ ಹಚ್ಚಿದರು, ಸುಣ್ಣ ಬೆಲ್ಲ ಕಟ್ಟಿದರು, ಊದಿ ಹಚ್ಚಿದರು. ಕೊನೆಗೆ ಅಪ್ಪ ವಿಜಾಪುರಕ್ಕೆ ಕರೆದುಕೊಂಡು ಹೋದಾಗ ಅಲ್ಲಿಯ ದೊಡ್ಡ ಡಾಕ್ಟರು ಕಾಲು ನೋಡುವ ಮೊದಲು ಮೂತ್ರ ನೋಡಿ, ಸಕ್ರಿ ಬ್ಯಾನಿ ಅಂದರು. ಸಿಹಿ ಬಿಡಬೇಕು, ಬಿಡದಿದ್ದರೆ ಮೊದಲು ಬೆರಳು ಹೋಗುತ್ತದೆ, ಆಮೇಲೆ ಕಾಲು ಅಂದರಂತೆ. ಅಪ್ಪ ಬಂದು ಈ ಮಾತು ಹೇಳಿದ ದಿನ ಅವ್ವ ಒಲೆ ಹಚ್ಚುವುದನ್ನೇ ಮರೆತಳು. ಮುತ್ಯಾ ಮಾತ್ರ, "ಡಾಕ್ಟರಗ ಏನ ಗೊತ್ತು? ಅವನ ಮಾರಿನ ಹಾಗಲಕಾಯಿ ಇದ್ದಂಗ ಐತಿ," ಅಂದ.

ಮುತ್ಯಾ ಓಣಿಗೆಲ್ಲ ಹೆಸರಾದ ಶಿಸ್ತಿನ ಮನುಷ್ಯ. ಬೀಡಿ ಇಲ್ಲ, ಎಲೆ ಅಡಿಕೆ ಇಲ್ಲ, ಚಹಾ ಕೂಡ ಇಲ್ಲ. ಸಂಜೆ ಕಟ್ಟೆಯ ಮೇಲೆ ಕೂತು, ಹಾದುಹೋಗುವ ಹುಡುಗರನ್ನು ಕರೆದು ಬಾಯಿ ಮೂಸಿ ನೋಡುತ್ತಿದ್ದ. ಬೀಡಿಯ ವಾಸನೆ ಬಂತೋ, ಕಿವಿ ಹಿಡಿದು ಅವನ ಮನೆಯವರೆಗೂ ನಡೆಸಿಕೊಂಡು ಹೋಗುತ್ತಿದ್ದ. "ತಂಬಾಕ ಕತ್ತಿನೂ ತಿನ್ನೂದಿಲ್ಲ," ಕತ್ತೆಯೂ ತಿನ್ನದ್ದನ್ನು ಮನುಷ್ಯ ತಿನ್ನಬಾರದು ಅನ್ನುವುದು ಅವನ ನಿತ್ಯದ ಪಾಠ. ಈ ಪಾಠದ ಖಾಯಂ ವಿದ್ಯಾರ್ಥಿನಿ ನಮ್ಮ ಆಯಿ. ಯಾಕೆಂದರೆ ಆಯಿ ಮಿಸ್ರಿ ಹಚ್ಚುತ್ತಿದ್ದಳು. ತಂಬಾಕಿನ ಎಲೆಯನ್ನು ಹಂಚಿನ ಮೇಲೆ ಕಪ್ಪಗೆ ಹುರಿದು, ನುಣ್ಣಗೆ ಪುಡಿ ಮಾಡಿ, ಹಲ್ಲಿಗೂ ಒಸಡಿಗೂ ತಿಕ್ಕಿಕೊಂಡು ಕೂರುವುದಕ್ಕೆ ನಮ್ಮ ಕಡೆಯ ಹೆಂಗಸರು ಮಿಸ್ರಿ ಹಚ್ಚುವುದು ಅನ್ನುತ್ತಾರೆ. ಬಾಯಲ್ಲಿ ಮಿಸ್ರಿ ಇರುವಷ್ಟು ಹೊತ್ತು ಆಯಿ ಮಾತಾಡುವ ಹಾಗಿಲ್ಲ. ಮುತ್ಯಾ ಬೈಯಲು ಆರಿಸಿಕೊಳ್ಳುತ್ತಿದ್ದದ್ದೂ ಅದೇ ಹೊತ್ತನ್ನು. ಅವಳು ಎಲ್ಲ ಕೇಳಿಸಿಕೊಂಡು, ಹಿತ್ತಲಿಗೆ ಹೋಗಿ ಉಗುಳಿ, ಬಾಯಿ ಮುಕ್ಕಳಿಸಿ ಬಂದು, "ಮುಗೀತೇನ್ರಿ?" ಅಂತ ಕೇಳುತ್ತಿದ್ದಳು.

ಇಂಥ ಮುತ್ಯಾನಿಗಿದ್ದ ಒಂದೇ ಚಟ ಸಿಹಿ. ಅದನ್ನು ಅವನು ಚಟ ಅನ್ನುತ್ತಿರಲಿಲ್ಲ, ಊಟ ಅನ್ನುತ್ತಿದ್ದ. ಡಾಕ್ಟರು ಬೇಡ ಅಂದ ಮೇಲಂತೂ ಅವನ ಬುದ್ಧಿ ಬೇಟೆಗಾರನ ಬುದ್ಧಿಯಾಯಿತು. ಗುರುತಿಲ್ಲದವರ ಮದುವೆಗೂ ರುಮಾಲು ಸುತ್ತಿಕೊಂಡು ಹೋಗಿ ಅಕ್ಷತೆ ಹಾಕಿ, ಗಂಡಿನವರ ಜೊತೆ ಒಮ್ಮೆ, ಹೆಣ್ಣಿನವರ ಜೊತೆ ಒಮ್ಮೆ ಬುಂದಿ ಊಟ ಮಾಡಿ ಬರುತ್ತಿದ್ದ. ಕರುವಿಗೆ ಕೊಡಲು ಇಟ್ಟ ಬೆಲ್ಲ ಕರುವಿಗೆ ಮುಟ್ಟುತ್ತಿರಲಿಲ್ಲ. ಗಾಯ ಮಾತ್ರ ಹಾಗೇ ಇತ್ತು. ದಿನಾ ಸಂಜೆ ಅವ್ವ ಬಟ್ಟೆ ಬಿಚ್ಚಿ ಬಿಸಿನೀರಿನಲ್ಲಿ ತೊಳೆಯುವಾಗ ನಾವು ಆ ಬೆರಳನ್ನು ನೋಡುತ್ತಿದ್ದೆವು. ಅದು ಇವತ್ತು ಇದೆ, ನಾಳೆ ಇರುತ್ತದೋ ಇಲ್ಲವೋ ಅಂತ ನನಗೆ ನಿಜವಾಗಿ ಹೆದರಿಕೆಯಾಗುತ್ತಿತ್ತು.

ಪಂಚಮಿ ಬಂತೆಂದರೆ ನಮ್ಮಲ್ಲಿ ಮನೆಯೆಂಬುದು ಉಂಡಿಯ ಕಾರ್ಖಾನೆ. ಶೇಂಗಾ ಉಂಡಿ, ಎಳ್ಳುಂಡಿ, ರವೆ ಉಂಡಿ, ಬೇಸನ್ ಉಂಡಿ, ತಂಬಿಟ್ಟು. ಅದರ ನಡುವೆ ಸಿಹಿ ಮುಟ್ಟದೆ ಕೂರುವ ಮುತ್ಯಾನನ್ನು ನೆನೆದು ಅತ್ತಿ ಪುಣೆಯಲ್ಲೇ ಅತ್ತಿದ್ದಳಂತೆ. ಅವಳ ಕೈಯ ಉಂಡಿ ತಿನ್ನದೆ ಮುತ್ಯಾನಿಗೆ ಪಂಚಮಿ ಆದದ್ದೇ ಇಲ್ಲ. ಅದಕ್ಕೇ ಆ ಸಲ ಬಂದವಳು ಕಾಲು ತೊಳೆದುಕೊಳ್ಳುವ ಮೊದಲೇ ಚೀಲದಿಂದ ಒಂದು ಕಾಗದದ ಪೊಟ್ಟಣ ತೆಗೆದಳು. ರೈಲಿನ ನೂಕುನುಗ್ಗಲಿನಲ್ಲಿ ಅದು ಹರಿದು, ಅರ್ಧ ಪುಡಿ ಅವಳ ಸೀರೆಗಳ ಮೇಲೆಲ್ಲ ಚೆಲ್ಲಿತ್ತು.

"ಇದಕ್ಕ ಕೋಕೋ ಅಂತಾರ," ಅಂದಳು ಅತ್ತಿ, ಸೀನುತ್ತ. ದಾರಿಯಲ್ಲಿ ಜಿಟಿಜಿಟಿ ಮಳೆಗೆ ಸಿಕ್ಕು ಅವಳಿಗೆ ನೆಗಡಿ ಹಿಡಿದಿತ್ತು. "ಖರೇ ಚಾಕಲೇಟು ಮಾಡೋದು ಇದರಿಂದನ. ಸಕ್ರಿ ಹಾಕೂದಿಲ್ಲ, ಬೆಲ್ಲ ಹಾಕೂದಿಲ್ಲ. ಶೇಂಗಾ, ಅಗಸಿ, ತುಪ್ಪ, ರುಚಿಗೆ ಒಂದೀಟ ಉತ್ತತ್ತಿ ಪುಡಿ. ನಮ್ಮ ಮನಿ ಮಾಲಕಿ ಪಾರ್ಸಿ ಬಾಯಿಗೂ ಸಕ್ರಿ ಬ್ಯಾನಿ ಐತಿ. ದಿನಾ ಊಟ ಆದ ಮ್ಯಾಲ ಇಂಥಾದ್ದೊಂದು ತಿಂತಾಳ. ಎಂಬತ್ತು ದಾಟೇತಿ, ಇನ್ನೂ ನಮಗೆಲ್ಲಾ ಬೈಕೋತ ಅಡ್ಡಾಡ್ತಾಳ."

ಆಯಿ ಪೊಟ್ಟಣದೊಳಗೆ ಇಣುಕಿದಳು. "ಯಾತರ ಪುಡಿ ಬೇ ಇದು?"

"ಒಂದ ಗಿಡದ ಬೀಜ ಬೇ. ಆಫ್ರಿಕಾದಾಗ ಬೆಳೀತೈತಿ."

"ಅಯ್ಯ, ಅಷ್ಟ ದೂರದಿಂದ ಬಂದೈತಿ! ದಣದಿರತೈತಿ. ನಾಕ ದಿನ ಇಡು, ಆಮ್ಯಾಲ ಮಾಡೀಯಂತ."

ಅತ್ತಿ ನನಗೂ ಬಸುವಿಗೂ ಒಂದೊಂದು ಚಿಟಿಕೆ ನಾಲಿಗೆಯ ಮೇಲೆ ಹಾಕಿದಳು. ಚಾಕಲೇಟು ಅಂತ ಬಾಯಿ ತೆರೆದ ಬಸು ಅಂಗಳದವರೆಗೂ ಓಡಿಹೋಗಿ ಉಗುಳಿದ. ಬೇವಿನ ಸೊಪ್ಪು ಇದರ ಮುಂದೆ ಪೇಢೆ. ಮುತ್ಯಾನೂ ಒಂದು ಚಿಟಿಕೆ ಹಾಕಿಕೊಂಡು, ಮಗಳ ಮುಖ ನೋಡಿ, ಕಷ್ಟಪಟ್ಟು ನುಂಗಿದ.

"ಕಹಿ ಐತಲ್ಲ ಯವ್ವಾ."

"ಕಹಿ ಇದ್ದಷ್ಟೂ ಛಲೋ ಅಪ್ಪಾ. ಕಹಿ ಇದ್ರನ ಅದು ಖರೇ ಚಾಕಲೇಟು!" ಅಂದಳು ಅತ್ತಿ. ಮುಂದೆ ಆದ ಅನಾಹುತಕ್ಕೆಲ್ಲ ಬೇರು ಈ ಮಾತು.

ಪೊಟ್ಟಣ ಹರಿದಿತ್ತಲ್ಲ, ಆಯಿ ತನ್ನ ಹತ್ತಿರ ಇದ್ದ ಒಂದು ಖಾಲಿ ದುಂಡು ಡಬ್ಬಿ ಕೊಟ್ಟಳು. ಅಂಥದೇ ಇನ್ನೊಂದರಲ್ಲಿ ಅವಳ ಮಿಸ್ರಿ ಇರುತ್ತಿತ್ತು. ಎರಡೂ ಒಂದೇ ಸಂತೆಯಲ್ಲಿ ಕೊಂಡವು, ಅವಳಿ ಜವಳಿ. ಕೋಕೋ ಡಬ್ಬಿಯನ್ನು ಅಡಿಗೆಮನೆಯ ಗೋಡೆಗೂಡಿನಲ್ಲಿ, ನಾವು ಮಾಡ ಅನ್ನುವಲ್ಲಿ, ಎಡಕ್ಕೂ ಮಿಸ್ರಿ ಡಬ್ಬಿಯನ್ನು ಬಲಕ್ಕೂ ಇಟ್ಟರು. ಎರಡು ದಿನ ಬಿಟ್ಟು ಹಬ್ಬದ ಸುಣ್ಣ ಬಳಿಯುವ ಕೆಲಸ ಬಂತು. ಅವ್ವ ಮಾಡದ ಸಾಮಾನೆಲ್ಲ ಕೆಳಗಿಳಿಸಿ, ಗೋಡೆಗೆ ಸುಣ್ಣ ಬಳಿದು, ಡಬ್ಬಿಗಳನ್ನು ಒರೆಸಿ ಮತ್ತೆ ಮೇಲಿಟ್ಟಳು. ಇಡುವಾಗ ಎಡದ್ದು ಬಲಕ್ಕೆ ಹೋಯಿತು, ಬಲದ್ದು ಎಡಕ್ಕೆ. ಇದು ನಮಗೆ ತಿಳಿದದ್ದು ಆಮೇಲೆ. ನಿಮಗೆ ಈಗಲೇ ಹೇಳಿಬಿಡುತ್ತೇನೆ. ನಾವು ಪಟ್ಟ ಪಾಡನ್ನು ನೀವಾದರೂ ನೆಮ್ಮದಿಯಿಂದ ನೋಡಿ.

ಮೊದಲು ಪೆಟ್ಟು ಬಿದ್ದದ್ದು ಆಯಿಗೆ. ಮರುದಿನ ಬೆಳಿಗ್ಗೆ ಹಿತ್ತಲ ಕಲ್ಲಿನ ಮೇಲೆ ಕೂತು ಎಂದಿನಂತೆ ಹಲ್ಲಿಗೆ ತಿಕ್ಕಿಕೊಂಡವಳು ಸ್ವಲ್ಪ ಹೊತ್ತು ಸುಮ್ಮನಿದ್ದು, ಮತ್ತೊಂದು ಚಿಟಿಕೆ ಹಾಕಿಕೊಂಡಳು. ಮತ್ತೂ ಒಂದು.

"ಈ ಸಲದ ತಂಬಾಕ ಸತ್ತೈತಿ ನೋಡು," ಅಂದಳು ಅವ್ವನಿಗೆ. "ಘಾಟ ಇಲ್ಲ, ತಲಿಗಿ ಹತ್ತೂದಿಲ್ಲ. ಸುಮ್ನ ಮಣ್ಣ ತಿಕ್ಕಿದಂಗ ಆಗತೈತಿ."

ಮಧ್ಯಾಹ್ನದ ಹೊತ್ತಿಗೆ ಅವಳಿಗೆ ತಲೆನೋವು ಶುರುವಾಯಿತು. ಸಂಜೆಯ ಹೊತ್ತಿಗೆ ನಮಗೆಲ್ಲ ಶುರುವಾಯಿತು. ಜೀವಮಾನದಲ್ಲಿ ದನಿ ಎತ್ತದ ಆಯಿ ಅವ್ವನಿಗೆ ಬೈದಳು, ಬಸುವಿಗೆ ಬೈದಳು, ಆಕಳಿಗೆ ಬೈದಳು, ತುಂಬಿ ಇಟ್ಟಿದ್ದ ಕೊಡಕ್ಕೂ ಬೈದಳು. ನನ್ನನ್ನು ತಂಬಾಕಿನ ಅಂಗಡಿಗೆ ಓಡಿಸಿ, "ದೇವರ ಹಂತೇಕ ಹೋಗಿ ಏನ ಲೆಕ್ಕ ಕೊಡ್ತಿ ಅಂತ ಕೇಳ್ಯಾಳ ನಮ್ಮ ಆಯಿ" ಅಂತ ಹೇಳಿಸಿದಳು. ಪಾಪ, ಆ ಅಂಗಡಿಯವರು ಎರಡು ಕೈಯಲ್ಲೂ ತಮ್ಮ ತಂಬಾಕನ್ನು ಎತ್ತಿ ಮೂಸಿ ನೋಡಿಕೊಂಡರು. ಮೂರು ದಿನ ನಮ್ಮ ಆಯಿ ಆಫ್ರಿಕಾದ ಕೋಕೋದಿಂದ ಹಲ್ಲು ತಿಕ್ಕಿದಳು. ಇಡೀ ಜಿಲ್ಲೆಯಲ್ಲಿ ಅಷ್ಟು ದುಬಾರಿ ಹಲ್ಲುಪುಡಿ ಇನ್ಯಾರೂ ಬಳಸಿರಲಾರರು.

ಪಂಚಮಿಯ ಹಿಂದಿನ ದಿನ, ಚೌತಿಯಂದು, ಅತ್ತಿ ಚಾಕಲೇಟು ಮಾಡಲು ಕೂತಳು. ಅವತ್ತು ಹೆಂಗಸರಿಗೆಲ್ಲ ಉಪವಾಸ. ನಾಗಪ್ಪನಿಗೆ ಹಾಲೆರೆಯುವವರೆಗೆ ನೀರೂ ಇಲ್ಲ. ಒಲೆಯ ಮೇಲೆ ಹಂಚು ಇಡುವಂತಿಲ್ಲ, ಅದು ನಾಗಪ್ಪನ ಹೆಡೆಗೆ ತಾಗುತ್ತದೆ ಅನ್ನುತ್ತಾರೆ. ಶೇಂಗಾ, ಅಗಸಿ ಮೊದಲೇ ಹುರಿದು ಕುಟ್ಟಿಟ್ಟಿದ್ದರು. ಅತ್ತಿ ಪರಾತದಲ್ಲಿ ಎಲ್ಲ ಸುರಿದು, ಮಾಡದ ಎಡಗಡೆಯ ಡಬ್ಬಿ ಇಳಿಸಿ, ಕಪ್ಪು ಪುಡಿಯನ್ನು ಮುಷ್ಟಿ ಮುಷ್ಟಿ ಹಾಕಿ, ತುಪ್ಪ ಬಿಸಿ ಮಾಡಿ ಹೊಯ್ದು ಕಲಸಿದಳು. ಅವಳ ಮೂಗು ಗಾರೆ ಹಾಕಿದಂತೆ ಕಟ್ಟಿತ್ತು. ನಮ್ಮ ಮೂಗು ತೆರೆದೇ ಇದ್ದರೂ, ಮಿಸ್ರಿಯ ವಾಸನೆ ನಮ್ಮ ಅಡಿಗೆಮನೆಯ ಗೋಡೆಗೇ ಹತ್ತಿದ್ದರಿಂದ ಅದು ನಮಗೆ ವಾಸನೆಯೇ ಅಲ್ಲ. ಇನ್ನು ರುಚಿ ನೋಡುವ ಮಾತೇ ಇಲ್ಲ. ಉಪವಾಸ ಬೇರೆ, ಮೇಲಾಗಿ ಮರುದಿನ ನಾಗಪ್ಪನಿಗೆ ನೈವೇದ್ಯ ಆಗುವವರೆಗೆ ಉಂಡಿಯನ್ನು ಯಾರೂ ನಾಲಿಗೆಗೆ ಮುಟ್ಟಿಸಬಾರದು. ಹೀಗೆ ನಮ್ಮ ಮನೆಯ ಆಚಾರ, ವಿಚಾರ, ನೆಗಡಿ ಎಲ್ಲ ಸೇರಿ ಮಿಸ್ರಿಗೆ ಹಾದಿ ಬಿಟ್ಟುಕೊಟ್ಟವು.

ಕಪ್ಪನೆಯ, ನುಣ್ಣನೆಯ ಉಂಡಿಗಳು ತಾಟಿನಲ್ಲಿ ಸಾಲಾಗಿ ಕೂತವು. ಅತ್ತಿ ಅವುಗಳನ್ನು ದೇವರ ಕೋಣೆಯಲ್ಲಿ ಬುಟ್ಟಿ ಮುಚ್ಚಿಟ್ಟಳು.

"ಅಪ್ಪಾ, ಇವು ನಿಮಗಂತನ ಮಾಡೇನಿ. ನಾಳೆ ನೇವೇದ್ಯ ಆಗೂತನಕ ತಡೀರಿ," ಅಂದಳು.

"ನಾ ಏನ ಸಣ್ಣ ಹುಡುಗ ಏನ?" ಅಂದ ಮುತ್ಯಾ.

ಹೆಂಗಸರು ಹಾಲಿನ ತಂಬಿಗೆ ಹಿಡಿದುಕೊಂಡು ಹುತ್ತಕ್ಕೆ ಹೋದರು. ಅಪ್ಪ ಯಾವುದೋ ಕೆಲಸಕ್ಕೆ ಹೊರಗೆ ಹೋಗಿದ್ದ, ಬಸು ಗೆಳೆಯರ ಜೊತೆ ದಾರಕ್ಕೆ ಕಟ್ಟಿದ ಕೊಬ್ಬರಿ ಬಟ್ಟಲು ಆಡಿಸಲು ಹೋಗಿದ್ದ. ನಾನು ಪಡಸಾಲೆಯ ತೊಲೆಗೆ ಕಟ್ಟಿದ ಜೋಕಾಲಿಯಲ್ಲಿ ಆಡುತ್ತಿದ್ದೆ. ಮುತ್ಯಾ ಸ್ವಲ್ಪ ಹೊತ್ತು ಅತ್ತ ಇತ್ತ ಅಡ್ಡಾಡಿದ. ಆಮೇಲೆ ದೇವರ ಕೋಣೆಗೆ ಹೋಗಿ, ಬುಟ್ಟಿ ಎತ್ತಿ, ಎರಡು ಉಂಡಿ ಹಿಡಿದುಕೊಂಡು ರಾಜಾರೋಷವಾಗಿ ಹೊರಗೆ ಬಂದ.

"ಮುತ್ಯಾ, ನೇವೇದ್ಯ ಆಗಿಲ್ಲ," ಅಂದ ನನ್ನ ಮಾತಿಗೆ, "ನನ್ನ ಹೆಸರಲೇ ಮಾಡಿದ್ದು ನಾ ತಿಂದ್ರ ಕಳವು ಹೆಂಗಾದೀತು? ನಾಗಪ್ಪಗೇನ ಸಕ್ರಿ ಬ್ಯಾನಿ ಐತೇನ, ಇದನ್ನ ತಿನ್ನಾಕ? ಅವಗ ಎಳ್ಳುಂಡಿ ಐತಿ. ನಿನಗೂ ಬೇಕೇನ?" ಅಂದ.

"ಬ್ಯಾಡೋ ಮುತ್ಯಾ!" ಅಂದೆ. ಕೋಕೋದ ಚಿಟಿಕೆ ನನ್ನ ನಾಲಿಗೆಗೆ ಇನ್ನೂ ನೆನಪಿತ್ತು.

ಅವನು ಒಂದನ್ನು ಬಾಯಿಗೆ ಹಾಕಿಕೊಂಡ. ಅಗಿಯುತ್ತ ಅಗಿಯುತ್ತ ಅವನ ಹುಬ್ಬು ರುಮಾಲಿನ ಒಳಗೆ ಹೋಯಿತು. ಕಣ್ಣಲ್ಲಿ ನೀರು ಬಂತು. ಆದರೂ ನುಂಗಿ, "ಭಾಳ ಛಲೋ ಮಾಡ್ಯಾಳ. ಕಹಿ ಇದ್ದಷ್ಟೂ ಖರೇ ಚಾಕಲೇಟು," ಅಂತ ಎರಡನೆಯದನ್ನೂ ಮುಗಿಸಿದ. ಮಗಳ ಮೇಲಿನ ಪ್ರೀತಿಯಿಂದ ಮನುಷ್ಯ ಏನೆಲ್ಲ ನುಂಗಬಹುದು ಅನ್ನುವುದನ್ನು ನಾನು ಕಣ್ಣಾರೆ ಕಂಡೆ. ಆಮೇಲೆ ನನ್ನನ್ನು ಇಳಿಸಿ ತಾನೇ ಜೋಕಾಲಿಯ ಮೇಲೆ ಕೂತ.

ಸ್ವಲ್ಪ ಹೊತ್ತಿಗೆ ಅವನು ಹಗ್ಗವನ್ನು ಬಿಗಿಯಾಗಿ ಹಿಡಿದುಕೊಂಡ. ಮೊಮ್ಮಗಳಾದ ನನ್ನನ್ನು ಅವನು ತಂಗಿ ಅಂತಲೇ ಕರೆಯುತ್ತಿದ್ದ. "ತಂಗಿ, ಜೋಕಾಲಿ ನಿಲ್ಸು. ಭಾಳ ಜೋರ್ ತೂಗಾಕತ್ತೀದಿ."

"ಮುತ್ಯಾ, ನಾ ಮುಟ್ಟೇ ಇಲ್ಲ. ಜೋಕಾಲಿ ನಿಂತೈತಿ."

"ನಿಲ್ಸ ಅಂದ್ರ ನಿಲ್ಸ!" ಅಂದವನೇ ಮುಂದಕ್ಕೆ ಬಾಗಿದ. ಮೈಯೆಲ್ಲ ಬೆವರು. ಬಿಕ್ಕಳಿಕೆ ಶುರುವಾಯಿತು. ಹೇಗೋ ಕೆಳಗಿಳಿದು, ಅಂಗಳದ ಮೂಲೆಗೆ ಹೋಗಿ, ತಿಂದದ್ದನ್ನೆಲ್ಲ ಕಾರಿಕೊಂಡು, ಅಲ್ಲೇ ನೆಲಕ್ಕೆ ಒರಗಿದ. ಹಿಡಿದು ನೋಡಿದರೆ ಅವನ ಕೈ ತಣ್ಣಗೆ ಇತ್ತು. ಅಷ್ಟು ಹೊತ್ತು ನಗು ತಡೆದುಕೊಂಡಿದ್ದ ನಾನು ಬರಿಗಾಲಲ್ಲಿ ಹುತ್ತದ ಕಡೆ ಓಡಿದೆ.

ಹೆಂಗಸರು ತಂಬಿಗೆಗಳೊಂದಿಗೇ ಓಡಿ ಬಂದರು, ದಾರಿಯುದ್ದಕ್ಕೂ ನಾಗಪ್ಪನ ಹಾಲು ಚೆಲ್ಲುತ್ತ. ಅಷ್ಟರಲ್ಲಿ ಬಂದ ಅಪ್ಪ ಮುತ್ಯಾನನ್ನು ಎತ್ತಿ ಹೊರಸಿನ ಮೇಲೆ ಮಲಗಿಸಿ, "ಸಕ್ರಿ ಏರೇತಿ, ಸಕ್ರಿ ಏರೇತಿ," ಅನ್ನುತ್ತ ಸೈಕಲ್ ಹತ್ತಿ ಊರ ಡಾಕ್ಟರನ್ನು ಕರೆತರಲು ಹೋದ. ಆಯಿ ಬುಟ್ಟಿ ಎತ್ತಿ, ಕಡಿಮೆಯಾದ ಉಂಡಿಗಳನ್ನು ನೋಡಿ ಹಣೆ ಬಡಿದುಕೊಂಡಳು.

"ನೇವೇದ್ಯಕ್ಕ ಮೊದಲ ಮುಟ್ಯಾರ. ನಾಗಪ್ಪ ಬಿಟ್ಟಾನೇನು? ಅವನ ಮೀಸಲ ತಿಂದ್ರ ಸುಮ್ನ ಬಿಟ್ಟಾನೇನು?"

ಅತ್ತಿ ಮುತ್ಯಾನ ಕಾಲು ಹಿಡಿದುಕೊಂಡು ಕೂತುಬಿಟ್ಟಿದ್ದಳು. "ನಾಗಪ್ಪ ಅಲ್ಲ ಬೇ. ನಾ ಕೊಂದೆ. ಕಾಲ ಉಳಸಾಕ ಅಂತ ತಂದು ಜೀವಾ ತಗದೆ. ಅಪ್ಪಾ, ಕಣ್ಣ ತಗೀರಿ ಅಪ್ಪಾ!" ಅಂತ ಅವಳು ಅತ್ತದ್ದು ಇವತ್ತಿಗೂ ನನ್ನ ಕಿವಿಯಲ್ಲಿದೆ. ಉಪವಾಸದಿಂದ ಒಣಗಿದ ಬಾಯಿ, ಕಟ್ಟಿದ ಮೂಗು, ದನಿಯೇ ಹೊರಡುತ್ತಿರಲಿಲ್ಲ. ನಾನೂ ಅತ್ತೆ. ಮುತ್ಯಾ ಸಾಯುತ್ತಾನೆ ಅಂತಲೇ ನಾನು ನಂಬಿದ್ದೆ.

ಆಯಿ ತಪ್ಪುಕಾಣಿಕೆಯೆಂದು ಉಳಿದ ಉಂಡಿಗಳನ್ನು ಹುತ್ತಕ್ಕೆ ಹಾಕಿ ಬರಲು ತಾಟು ಎತ್ತಿಕೊಂಡಳು. ಎರಡು ಹೆಜ್ಜೆ ನಡೆದು ನಿಂತಳು. ತಾಟನ್ನು ಮೂಗಿನ ಹತ್ತಿರ ತಂದಳು. ಮೂರು ದಿನದಿಂದ ಗಂಟು ಹಾಕಿಕೊಂಡಿದ್ದ ಅವಳ ಮುಖ, ಗಂಡ ಹಾಗೆ ಬಿದ್ದಿರುವಾಗಲೂ, ನಮ್ಮ ಕಣ್ಣೆದುರಿಗೇ ಅರಳಿತು. ಒಂದು ಉಂಡಿ ಮುರಿದು, ಉಪವಾಸವನ್ನೂ ಮರೆತು ಒಸಡಿಗೆ ಒತ್ತಿಕೊಂಡಳು.

"ಅಯ್ಯ ನನ್ನ ಶಿವನ! ಇದು ನಂದ!" ಅಂದಳು.

"ಏನ ನಿಂದು ಬೇ?"

"ನನ್ನ ಮಿಸ್ರಿ! ಇವರು ತಿಂದದ್ದು ನನ್ನ ಮಿಸ್ರಿ! ಮತ್ತ ನಾ ಹಲ್ಲಿಗಿ ತಿಕ್ಕಿದ್ದು..." ಅಂತ ಮಾಡದ ಕಡೆ ನೋಡಿದಳು. ಅವ್ವ ಮೆಲ್ಲಗೆ ಬಾಗಿಲ ಹಿಂದಕ್ಕೆ ಸರಿದಳು. ಅತ್ತಿ ಉಂಡಿಯನ್ನು ಮೂಗಿಗೆ ಹಿಡಿದು ಜೋರಾಗಿ ಎಳೆದುಕೊಂಡಳು, ಏನೂ ತಿಳಿಯಲಿಲ್ಲ, ಸೀನಿದಳು.

ಹೊರಸಿನ ಮೇಲಿಂದ, ಕಣ್ಣು ಮುಚ್ಚಿಕೊಂಡೇ, ಸಣ್ಣ ದನಿಯಲ್ಲಿ ಮುತ್ಯಾ ಕೇಳಿದ: "ಏನು? ನಾ ಏನ ತಿಂದೀನಿ?"

ಆಯಿ ಹತ್ತಿರ ಹೋಗಿ, ಸೆರಗಿನಿಂದ ಅವನ ಹಣೆಯ ಬೆವರು ಒರೆಸಿ, ಬಹಳ ಮೃದುವಾಗಿ ಹೇಳಿದಳು: "ತಂಬಾಕ್ರಿ. ಕತ್ತಿನೂ ತಿನ್ನೂದಿಲ್ಲಂತಲ್ಲ, ಅದನ್ನ."

ಮುತ್ಯಾ ಕಣ್ಣು ತೆರೆದ. ಆಯಿಯನ್ನು ನೋಡಿ ಮತ್ತೆ ಮುಚ್ಚಿಕೊಂಡ. ಸಾಯುವುದೇ ಒಳ್ಳೆಯದಿತ್ತು ಅನ್ನುವ ಮುಖ.

ಅಷ್ಟರಲ್ಲಿ ಅಪ್ಪನ ಸೈಕಲ್ಲಿನ ಹಿಂದೆ ಕೂತು ಡಾಕ್ಟರು ಬಂದರು. ನಾಡಿ ಹಿಡಿದರು, ಕಣ್ಣ ರೆಪ್ಪೆ ಎತ್ತಿ ನೋಡಿದರು, ಬಾಯಿ ತೆರೆಸಿ ಬಗ್ಗಿದವರು ಥಟ್ಟನೆ ಹಿಂದೆ ಸರಿದರು. ಬಾಗಿಲಲ್ಲಿ ಆಗಲೇ ಓಣಿಯೆಲ್ಲ ಸೇರಿತ್ತು. ಮುತ್ಯಾ ಕಿವಿ ಹಿಂಡಿದ ಹುಡುಗರೆಲ್ಲ ಮುಂದಿನ ಸಾಲಿನಲ್ಲಿದ್ದರು.

"ಹಿರ‍್ಯಾರ, ತಂಬಾಕಿನ ಚಟ ಭಾಳ ದಿನದಿಂದ ಐತೇನ್ರಿ?" ಅಂತ ಡಾಕ್ಟರು ಕೇಳಿದರು.

ಮುತ್ಯಾ ಗೋಡೆಯ ಕಡೆ ಹೊರಳಿ ಮಲಗಿದ.

"ಇಲ್ಲರಿ, ಇವತ್ತ ಹಿಡದಾರ," ಅಂದಳು ಆಯಿ.

ಕಾರಿಕೊಂಡದ್ದೇ ಒಳ್ಳೆಯದಾಯಿತು, ಜೀವಕ್ಕೆ ಏನೂ ಭಯವಿಲ್ಲ, ಲಿಂಬೆ ಹಣ್ಣಿನ ನೀರು ಕೊಟ್ಟು ಮಲಗಿಸಿ ಅಂದರು ಡಾಕ್ಟರು. ಹೋಗುವಾಗ, "ಈ ವಯಸ್ಸಿನ್ಯಾಗ ಹೊಸಾ ಚಟ ಬ್ಯಾಡ್ರಿ," ಅಂತಲೂ ಹೇಳಿದರು. ಬಾಗಿಲಲ್ಲಿ ನಿಂತ ಹುಡುಗರು ನಗುತ್ತ ಓಡಿದರು. ನಮಗೂ ನಗು ಬಂತು, ಅಳುವೂ ಹೋಗಿರಲಿಲ್ಲ. ಅವ್ವ ಬಾಗಿಲ ಹಿಂದಿನಿಂದ ಹೊರಗೆ ಬಂದು ಲಿಂಬೆ ಹಿಂಡಲು ಕೂತಳು. ಅತ್ತಿ ಮಾತ್ರ ನಗಲಿಲ್ಲ. ಮುತ್ಯಾನ ಕಾಲಿನ ಬಳಿಯಿಂದ ಏಳಲೇ ಇಲ್ಲ.

ಮರುದಿನ ಪಂಚಮಿ. ಮುತ್ಯಾ ಎದ್ದು ಕೂತಿದ್ದ. ಆದರೆ ಕಪ್ಪು ಬಣ್ಣದ ಯಾವುದನ್ನೂ ಇನ್ನು ಬಾಯಿಗೆ ಹಾಕುವುದಿಲ್ಲ ಅಂತ ಶಪಥ ಮಾಡಿದ್ದ. ಗುರೆಳ್ಳಿನ ಚಟ್ನಿಯನ್ನೂ ತಾಟಿನಿಂದ ಆಚೆ ಸರಿಸಿದ. ಆಯಿ ಹಲ್ಲು ತಿಕ್ಕಿ ಉಳಿಸಿದ್ದ ಕೋಕೋ ಡಬ್ಬಿಯ ತಳದಲ್ಲಿ ಒಂದಿಷ್ಟಿತ್ತು. ಅತ್ತಿ ಯಾರಿಗೂ ಹೇಳದೆ ಮತ್ತೆ ಕಲಸಿದಳು. ನಡುನಡುವೆ ನನ್ನನ್ನು ಕರೆದು ಮೂಸಿಸುತ್ತಿದ್ದಳು. ಕೆಲವೇ ಉಂಡಿ ಆದವು.

ಮನೆಯಲ್ಲಿ ಮಣ್ಣಿನ ನಾಗಪ್ಪನಿಗೆ ಎಲ್ಲರೂ ಹಾಲೆರೆದೆವು. ಹಾಲೆರೆಯುವಾಗ ನಮ್ಮಲ್ಲಿ ಒಬ್ಬೊಬ್ಬರ ಹೆಸರಲ್ಲಿ ಪಾಲು ಹೇಳುತ್ತಾರೆ: ದೇವರ ಪಾಲು, ಗುರುವಿನ ಪಾಲು, ಅವ್ವನ ಪಾಲು. ಅತ್ತಿ "ಅಪ್ಪನ ಪಾಲ..." ಅನ್ನುವಲ್ಲಿಗೆ ಬಂದು ಹಾಲು ಎರೆಯದೆ ನಿಂತಳು. ಮುತ್ಯಾ ತಲೆ ಎತ್ತಿ ಅವಳನ್ನು ನೋಡಿದ. ನೈವೇದ್ಯವಾಯಿತು. ಅವಳು ಒಂದು ವಾಟಿಯಲ್ಲಿ ಎರಡು ಕಪ್ಪು ಉಂಡಿ ತಂದು ಅವನ ಮುಂದಿಟ್ಟಳು. ತಿನ್ನಿರಿ ಅನ್ನುವ ಧೈರ್ಯ ಅವಳಿಗಿರಲಿಲ್ಲ. ಮರುದಿನ ಅವಳು ಹೊರಡುವವಳು. ಅವನು ವಾಟಿಯನ್ನು ಸರಿಸಿಬಿಟ್ಟಿದ್ದರೆ ಆ ಹೆಣ್ಣುಮಗಳು ಮತ್ತೆ ತವರಿನ ಒಲೆಯ ಮುಂದೆ ಕೂರುತ್ತಿರಲಿಲ್ಲ ಅಂತ ನನಗೆ ಈಗಲೂ ಅನ್ನಿಸುತ್ತದೆ.

ಮುತ್ಯಾ ಬಹಳ ಹೊತ್ತು ಉಂಡಿಯನ್ನು ನೋಡಿದ. ಆಮೇಲೆ ಆಯಿಯ ಕಡೆ ತಿರುಗಿ, "ಏ, ನೀ ಮೂಸಿ ನೋಡು," ಅಂದ.

ಆಯಿ ಒಂದನ್ನು ಎತ್ತಿ ಮೂಸಿದಳು. "ನಂದಲ್ಲ. ತಿನ್ರಿ," ಅಂದಳು.

ಮುತ್ಯಾ ಕಣ್ಣು ಮುಚ್ಚಿ ಬಾಯಿಗೆ ಹಾಕಿಕೊಂಡ. ನಾವೆಲ್ಲ ಅವನ ದವಡೆಯನ್ನೇ ನೋಡುತ್ತ ನಿಂತೆವು. ನುಂಗಿದ. ನಾಲಿಗೆಯಿಂದ ಹಲ್ಲು ಸವರಿಕೊಂಡ.

"ಹೆಂಗ ಐತಿ ಅಪ್ಪಾ?" ಅತ್ತಿಯ ದನಿ ನೂಲಿನಷ್ಟು.

"ಖರೇ ಹೇಳ್ಲೇನ ಯವ್ವಾ?" ಅಂದ ಮುತ್ಯಾ. "ಇದಕ್ಕಿಂತ ನಿನ್ನಿ ತಿಂದದ್ದಕ್ಕ ಒಂದೀಟ ರುಚಿ ಇತ್ತು."

ಅತ್ತಿ ಅಳುತ್ತಲೇ ನಕ್ಕಳು, ನಗುತ್ತಲೇ ಅವನ ಮೊಣಕಾಲಿಗೆ ಹಣೆ ಹಚ್ಚಿ ಕೂತಳು. ಮುತ್ಯಾ ಎರಡನೆಯ ಉಂಡಿಯನ್ನೂ ತೆಗೆದುಕೊಂಡ.

ಆ ಮೇಲೆ ಅವನು ಕದ್ದು ತಿನ್ನುವುದನ್ನು ಬಿಟ್ಟ. ಯಾವ ಡಬ್ಬಿಯಲ್ಲಿ ಏನಿರುತ್ತದೋ ಅನ್ನುವ ಭಯ ಅವನಿಗೆ ಜನ್ಮಕ್ಕೆ ಅಂಟಿತು. ಗುರುತಿಲ್ಲದವರ ಮದುವೆಗಳೂ ನಿಂತವು. ದೀಪಾವಳಿಯ ಹೊತ್ತಿಗೆ ಗಾಯ ಮಾಯಿತು, ಬೆರಳು ಉಳಿಯಿತು. ಉಳಿಸಿದ್ದು ನನ್ನ ಕೋಕೋ ಅಂತ ಅತ್ತಿ, ನನ್ನ ಮಿಸ್ರಿ ಅಂತ ಆಯಿ, ಕೊನೆಯವರೆಗೂ ವಾದಿಸುತ್ತಿದ್ದರು. ತಂಬಾಕಿನ ಪಾಠ ಮಾತ್ರ ಮುತ್ಯಾ ಮತ್ತೆ ಯಾರಿಗೂ ಮಾಡಲಿಲ್ಲ. ಪ್ರತಿ ಪಂಚಮಿಗೂ ಅತ್ತಿ ಪುಣೆಯಿಂದ ಕೋಕೋ ತಂದು ಅವನಿಗೆ ಕಹಿ ಉಂಡಿ ಕಟ್ಟುತ್ತಿದ್ದಳು. ಪ್ರತಿ ಸಲವೂ ಆಯಿ ಮೂಸಿ, "ನಂದಲ್ಲ. ತಿನ್ರಿ," ಅನ್ನುವವರೆಗೆ ಅವನು ಮುಟ್ಟುತ್ತಿರಲಿಲ್ಲ. ಅದು ನಮ್ಮ ಮನೆಯ ಹಬ್ಬದ ಒಂದು ವಿಧಿಯೇ ಆಗಿಹೋಯಿತು. ನಾವು ಮಕ್ಕಳು ಮಾತ್ರ ಆ ಉಂಡಿಯ ಹತ್ತಿರ ಸುಳಿಯುತ್ತಿರಲಿಲ್ಲ. ಅತ್ತಿ ಬಲವಂತ ಮಾಡಿದರೆ ಒಂದು ಚೂರು ಬಾಯಿಗಿಟ್ಟು, ಮುಖ ಹಿಂಡಿ, ಓಡಿಬಿಡುತ್ತಿದ್ದೆವು.

ಈಗ ಇಂಡಿಯ ಬಸ್ ಸ್ಟ್ಯಾಂಡ್ ಎದುರಿನ ಅಂಗಡಿಯಲ್ಲೇ ಕಪ್ಪು ಚಾಕಲೇಟು ಸಿಗುತ್ತದೆ. ಸಕ್ಕರೆ ಇಲ್ಲ ಅಂತ ಮೇಲೆ ಬರೆದೇ ಇರುತ್ತದೆ. ಮುತ್ಯಾನ ಆಸ್ತಿಯಲ್ಲಿ ನನ್ನ ಪಾಲಿಗೆ ಸಕ್ರಿ ಬ್ಯಾನಿಯೂ ಬಂದಿರುವುದರಿಂದ ನಾನೂ ಕೊಂಡು ತರುತ್ತೇನೆ, ಊಟವಾದ ಮೇಲೆ ಒಂದು ತುಣುಕು ಮುರಿದು ತಿನ್ನುತ್ತೇನೆ. ಚೆನ್ನಾಗಿಯೇ ಇರುತ್ತದೆ. ಆದರೆ ಅದನ್ನು ನಾನು ತಿನ್ನಲಿ ಅಂತ ಯಾರೂ ಮಳೆಯಲ್ಲಿ ನೆನೆದು ರೈಲು ಹತ್ತಿ ಬಂದಿರುವುದಿಲ್ಲ. ನುಂಗಿದೆನೋ ಇಲ್ಲವೋ ಅಂತ ಮನೆಮಂದಿಯೆಲ್ಲ ನನ್ನ ದವಡೆ ನೋಡುತ್ತ ನಿಂತಿರುವುದಿಲ್ಲ. ಅಂಥ ಮನೆಯನ್ನು ಯಾವ ಅಂಗಡಿಯೂ ಮಾರುವುದಿಲ್ಲ.

ಮುತ್ಯಾ ಹೋಗಿ ವರ್ಷ ತುಂಬಿದ ಮೇಲಿನ ಪಂಚಮಿಗೆ ಅತ್ತಿ ಬಂದಳು. ರೂಢಿಯಂತೆ ಕೋಕೋ ತಂದಿದ್ದಳು, ರೂಢಿಯಂತೆ ಕಲಸಿದಳು. ಕಟ್ಟಿ ಮುಗಿದ ಮೇಲೆಯೇ ಅವಳಿಗೆ ಅರಿವಾದದ್ದು. ವಾಟಿ ಹಿಡಿದುಕೊಂಡು ಪಡಸಾಲೆಯ ನಡುವೆ ನಿಂತುಬಿಟ್ಟಳು. ಆಯಿ ಎದ್ದು ಬಂದು, ವಾಟಿಯಿಂದ ಒಂದು ಉಂಡಿ ತೆಗೆದು ಮೂಸಿ ನೋಡಿದಳು. "ನಂದಲ್ಲ. ತಿನ್ರಿ," ಅಂದಳು. ಯಾರಿಗೆ ಅಂದಳು ಅಂತ ನಮಗೆಲ್ಲ ಗೊತ್ತಿತ್ತು. ಅಪ್ಪ ಒಂದು ತೆಗೆದುಕೊಂಡ, ಅವ್ವ ಒಂದು, ಬಸು ಒಂದು, ನಾನೊಂದು. ಕಡೆಯ ಚೂರಿನವರೆಗೂ ತಿಂದೆವು, ಆ ಸಲ ಯಾರೂ ಮುಖ ಹಿಂಡಲಿಲ್ಲ.